ಹಿಮವು ಒತ್ತರಿಸಿದ ನೆಲ, ಕುರುಬರು ಬೆಳಸಿದ ಬಯಲು: ವೇಲುವೆಯ ಬೈಸಿಕಲ್ ಹಾದಿಯ ಒಂದು ಚಾರಿತ್ರಿಕ ವಿವೇಚನೆ

ನೆದರ್ಲೆಂಡ್ಸ್ ದೇಶವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಡಲ ಮಟ್ಟಕ್ಕಿಂತ ತಗ್ಗಾದ ನೆಲ, ಅದನ್ನು ಕಾಯುವ ಒಡ್ಡುಗಳು, ನೀರೆತ್ತುವ ಗಾಳಿಯಂತ್ರಗಳು. ಇಂತಹ ನಾಡಿನಲ್ಲಿ ಗುಡ್ಡವನ್ನೇರುವ ಬೈಸಿಕಲ್ಲಿಗೆ ಎಡೆಯೆಲ್ಲಿಯದು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅಸಂಗತವೇನೂ ಅಲ್ಲ. ಆದರೂ 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಕ್ರೀಡೆಗಳಲ್ಲಿ ಮೌಂಟನ್ ಬೈಕ್ ಸ್ಪರ್ಧೆ ಮೊತ್ತಮೊದಲು ನಡೆದಾಗ ಪುರುಷರ ಚಿನ್ನದ ಪದಕವನ್ನು ಗೆದ್ದವನು ಬಾರ್ಟ್ ಬ್ರೆಂಟ್‌ಯೆನ್ಸ್ ಎಂಬ ಡಚ್ಚನು. ಆ ದೇಶದ ನಡುಭಾಗದಲ್ಲಿ, ರೈನ್ ನದಿಯ ಕವಲುಗಳ ಉತ್ತರಕ್ಕೆ, ಎರಡು ಎತ್ತರದ ಸೀಮೆಗಳಿವೆ. ಒಂದು ಉಟ್ರೆಕ್ಟ್ ನಗರದ ಪೂರ್ವಕ್ಕೆ ಹಬ್ಬಿರುವ ಗುಡ್ಡಸಾಲು. ಇನ್ನೊಂದು ಅದಕ್ಕೂ ಪೂರ್ವದಲ್ಲಿರುವ, ಸುಮಾರು 1,000 ಚದರ ಕಿಲೋಮೀಟರ್ ವಿಸ್ತಾರದ, ವೇಲುವೆ ಎಂಬ ಪ್ರದೇಶ. ಕಾಡು, ಕುರುಚಲು ಬಯಲು, ಮರಳು ಇವೇ ಅಲ್ಲಿಯ ಸಂಪತ್ತು. ವೇಲುವೆಯ ಅತ್ಯುನ್ನತ ಸ್ಥಳವೂ ಕಡಲಿನಿಂದ ಸುಮಾರು 110 ಮೀಟರ್ ಮಾತ್ರ ಎತ್ತರವಾಗಿದೆ. ಉಟ್ರೆಕ್ಟ್ ಸಾಲಿನ ಆಮರೋಂಗನ್ ಗುಡ್ಡ 69 ಮೀಟರ್. ನಮ್ಮ ಎಣಿಕೆಯಲ್ಲಿ ಇವು ದಿಣ್ಣೆಗಳಷ್ಟೆ. ಆದರೆ ಸುತ್ತಲ ಜೇಡಿನೆಲ ಮಳೆಗಾಲದಲ್ಲಿ ಕೆಸರಾಗಿ ಚಕ್ರವನ್ನು ಹಿಡಿದು ನಿಲ್ಲಿಸುವಾಗ, ಇಲ್ಲಿಯ ಮರಳು ನೀರನ್ನು ಹೀರಿಕೊಂಡು ವರ್ಷವೆಲ್ಲ ಸವಾರಿಗೆ ಅನುವಾಗಿರುತ್ತದೆ. ಸವಾರರು ಇಲ್ಲಿಗೆ ಬಂದು ನೆರೆಯುವುದು ಇದರಿಂದಲೇ.

ಹೀಗೆ ಬಂದವರು ತಾವು ಅಕೃತ್ರಿಮವಾದ ಪ್ರಕೃತಿಯ ನಡುವೆ ಸಂಚರಿಸುತ್ತಿರುವೆವೆಂದು ಭಾವಿಸುವುದು ಸಹಜ. ಈ ಭಾವನೆ ಅರ್ಧ ಮಾತ್ರ ನಿಜವೆಂಬುದನ್ನೂ, ಉಳಿದರ್ಧವನ್ನು ತಿಳಿಯದೆ ಚಕ್ರಗಳು ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬ ಈಚಿನ ವಾದವನ್ನು ತೀರ್ಮಾನಿಸಲಾಗದೆಂಬುದನ್ನೂ ನಾವು ಇಲ್ಲಿ ತೋರಿಸಹೊರಟಿದ್ದೇವೆ.

ಮೊದಲು ಹಿಮದ ಮಾತು. ಇಂದಿಗೆ ಸುಮಾರು 1,50,000 ವರ್ಷಗಳ ಹಿಂದೆ, ಭೂವಿಜ್ಞಾನಿಗಳು ಸಾಲೆ ಹಿಮಯುಗವೆಂದು ಕರೆಯುವ ಕಾಲದಲ್ಲಿ, ಸ್ಕ್ಯಾಂಡಿನೇವಿಯದಿಂದ ಇಳಿದುಬಂದ ಹಿಮದ ಹಾಳೆ ಈ ನಾಡಿನ ಉತ್ತರಾರ್ಧವನ್ನು ಮುಚ್ಚಿ, ಸ್ಥೂಲವಾಗಿ ಉಟ್ರೆಕ್ಟ್ ಮತ್ತು ನೈಮೇಗನ್ ನಗರಗಳನ್ನು ಕೂಡಿಸುವ ರೇಖೆಯವರೆಗೆ ಬಂದು ನಿಂತಿತು. ಆ ವೇಳೆಗೆ ರೈನ್ ಮತ್ತು ಮಾಸ್ ನದಿಗಳು ಅಲ್ಲಿ ಮರಳನ್ನೂ ನುರುಜುಗಲ್ಲನ್ನೂ ಪದರಪದರವಾಗಿ ಹರಡಿದ್ದವು. ಹಿಮದ ಅಂಚು ನಾಲಗೆಗಳಂತೆ ತಗ್ಗುಗಳೊಳಕ್ಕೆ ಚಾಚಿಕೊಂಡು, ತನ್ನ ಭಾರದಿಂದ ಆ ಪದರಗಳನ್ನು ಅಡಿಯಿಂದ ಹಿಸುಕಿ ಮುಂದಕ್ಕೂ ಪಕ್ಕಕ್ಕೂ ನೂಕಿತು. ಕಣದಲ್ಲಿ ಒಕ್ಕಿದ ಕಾಳನ್ನು ಹಲಗೆಯಿಂದ ತಳ್ಳಿದಾಗ ಹಲಗೆಯ ಮುಂದೆಯೂ ಎರಡು ಬದಿಗಳಲ್ಲಿಯೂ ರಾಶಿಯೇಳುವುದನ್ನು ನೋಡಿದವರಿಗೆ ಈ ಕ್ರಿಯೆ ಕೂಡಲೆ ಅರ್ಥವಾಗುತ್ತದೆ. ಒಂದು ವ್ಯತ್ಯಾಸವುಂಟು. ಇಲ್ಲಿಯ ನೆಲ ಹೆಪ್ಪುಗಟ್ಟಿ ಬಿರುಸಾಗಿದ್ದುದರಿಂದ ಪದರಗಳು ಕದಡಿಹೋಗದೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಓರೆಯಾಗಿ ನಿಂತವು. ಹೀಗೆದ್ದ ದಿಬ್ಬಸಾಲುಗಳಿಗೆ ನೂಕುಮೊರೇನ್ ಎಂದು ಹೆಸರಿಡಬಹುದು. ಎರಡು ಗುಡ್ಡಸೀಮೆಗಳ ನಡುವಣ ಗೆಲ್ಡರ್ ಕಣಿವೆಯೂ ವೇಲುವೆಯ ಪೂರ್ವದ ಐಸೆಲ್ ಕಣಿವೆಯೂ ಹಿಮದ ನಾಲಗೆಗಳು ಮಲಗಿದ್ದ ಹಾಸಿಗೆಗಳೇ. ಇವುಗಳಲ್ಲಿ ಕೆಲವೆಡೆ ತಗ್ಗು 100 ಮೀಟರಿಗೂ ಆಳವಾಗಿದ್ದು ಅನಂತರದ ಹೂಳಿನಿಂದ ತುಂಬಿಹೋಯಿತು. ಆದುದರಿಂದ ವೇಲುವೆಯ ಏರಿನಲ್ಲಿ ಸವಾರನ ಚಕ್ರಕ್ಕೆ ಸಿಕ್ಕುವ ಬೆಣಚುಗಲ್ಲು ಬಹುಮಟ್ಟಿಗೆ ಹಿಮ ಹೊತ್ತು ತಂದುದಲ್ಲ. ದಕ್ಷಿಣದ ನದಿಗಳು ತಂದಿದ್ದು, ಉತ್ತರದ ಹಿಮ ಎತ್ತಿ ನಿಲ್ಲಿಸಿದುದು.

ಹಿಮವೇ ಹೊತ್ತು ತಂದ ಕಲ್ಲುಗಳೂ ಇಲ್ಲದಿಲ್ಲ. ದೇಶದ ಈಶಾನ್ಯದ ದ್ರೆಂತೆ ಪ್ರಾಂತದಲ್ಲಿ ಸ್ಕ್ಯಾಂಡಿನೇವಿಯದ ಹೆಬ್ಬಂಡೆಗಳು ಹೇರಳ. ಶಿಲಾಯುಗದ ಬೇಸಾಯಗಾರರು ಅವುಗಳಿಂದ ಕಟ್ಟಿದ ಸಮಾಧಿಗಳಲ್ಲಿ, ನೆರೆಯ ಖ್ರೋನಿಂಗನ್ ಪ್ರಾಂತದಲ್ಲಿರುವ ಎರಡೂ ಸೇರಿ, 54 ಇಂದಿಗೂ ಉಳಿದಿವೆ. ಕಡಲೊಡ್ಡುಗಳಿಗೆ ಬಂಡೆಗಳ ಬೇಡಿಕೆ ಹೆಚ್ಚಿದಾಗ, ಈ ಸಮಾಧಿಗಳ ಕಲ್ಲನ್ನು ಕೀಳಬಾರದೆಂದು ದ್ರೆಂತೆಯ ಆಡಳಿತ 1734ರಲ್ಲಿಯೇ ಆಜ್ಞೆ ಹೊರಡಿಸಿತು. ಸ್ಮಾರಕ ರಕ್ಷಣೆಯ ಇತಿಹಾಸದಲ್ಲಿ ಇದು ಬಹಳ ಹಳೆಯ ಶಾಸನಗಳಲ್ಲೊಂದು. ಆದರೆ ಆ ಬಂಡೆಗಳು ಅಲ್ಲಿಗೆ ಬಂದುದು ಹೇಗೆಂಬುದು ಆಗ ಯಾರಿಗೂ ತಿಳಿಯದು. ತೇಲುವ ಹಿಮಗಡ್ಡೆಗಳು ಕಡಲಿನ ಮೂಲಕ ತಂದು ಬೀಳಿಸಿದುವೆಂಬ ಮತ 19ನೆಯ ಶತಮಾನದಲ್ಲಿ ಪ್ರಬಲವಾಗಿದ್ದಿತು. 1875ರಲ್ಲಿ ಸ್ವೀಡನ್ನಿನ ಆಟ್ಟೊ ಟೊರೆಲ್ ಎಂಬ ವಿದ್ವಾಂಸನು ಬರ್ಲಿನ್ ಬಳಿಯ ರ್ಯೂಡರ್ಸ್‌ಡಾರ್ಫ್ ಎಂಬಲ್ಲಿ ಸುಣ್ಣಕಲ್ಲಿನ ಮೇಲೆ ಹಿಮ ಗೀಚಿದ ಗೆರೆಗಳನ್ನು ತೋರಿಸಿ, ಉತ್ತರ ಯೂರೋಪಿನ ಮೇಲೆ ನೆಲದ ಹಿಮವೇ ಹಾಸಿದ್ದಿತೆಂದು ಪ್ರತಿಪಾದಿಸಿದ ಮೇಲೆಯೇ ಈ ವಾದ ಬಗೆಹರಿಯಿತು.

ಕಟ್ಟಕಡೆಯ ಹಿಮಯುಗದಲ್ಲಿ ಹಿಮದ ಹಾಳೆ ನೆದರ್ಲೆಂಡ್ಸನ್ನು ಮುಟ್ಟಲಿಲ್ಲ. ಆದರೆ ನೆಲ ಆಳದವರೆಗೆ ಹೆಪ್ಪುಗಟ್ಟಿತ್ತು. ಬೇಸಗೆಯಲ್ಲಿ ಕರಗಿದ ಮಂಜಿನ ನೀರು ಮರಳಿನೊಳಕ್ಕೆ ಇಂಗಲಾರದೆ ಮೇಲ್ಮೈಯಲ್ಲಿಯೇ ಹರಿದು ದಿಬ್ಬಗಳ ಪಾರ್ಶ್ವಗಳನ್ನು ಕೊರೆಯಿತು. ಹೆಪ್ಪು ಕರಗಿದ ಮೇಲೆ ನೀರು ಮತ್ತೆ ಇಂಗಹತ್ತಿತು, ಕಣಿವೆಗಳು ಒಣಗಿದವು. ವೇಲುವೆಯ ದಕ್ಷಿಣ ಅಂಚಿನಲ್ಲಿ, ರೇಡನ್ ಊರಿನ ಮೇಲಣ ಗುಡ್ಡಗಳಲ್ಲಿ, ಸವಾರನು ಒಂದಾದ ಮೇಲೊಂದರಂತೆ ಇಳಿದು ಏರುವುದು ಇಂತಹ ಒಣಕಣಿವೆಗಳನ್ನೇ. ತೊರೆಯಿಲ್ಲದ ಕಣಿವೆ ಎಂಬ ಈ ಒಗಟಿಗೆ ಮಣ್ಣಿನ ಹೆಪ್ಪೇ ಉತ್ತರ. ಅದೇ ಕಾಲದ ಬಿರುಗಾಳಿಗಳು ಸಣ್ಣ ಮರಳನ್ನು ತೂರಿ ತಗ್ಗುಗಳ ಮೇಲೆ ಹೊದಿಸಿದವು. ಈ ಮರಳಿನ ಹೊದಿಕೆ ಮುಂದೆ ನಮ್ಮ ಕಥೆಗೆ ಮುಖ್ಯವಾಗುತ್ತದೆ.

ಇಲ್ಲಿಗೆ ಹಿಮದ ಪಾತ್ರ ಮುಗಿಯಿತು, ಇನ್ನು ಮನುಷ್ಯನದು. ಚಳಿ ಹಿಂದೆಗೆದ ತರುವಾಯ ಈ ದಿಬ್ಬಗಳ ಮೇಲೆ ಬೆಳೆದುದು ಕಾಡು. ಬಟ್ಟಬಯಲಾಗಿ ಹಬ್ಬಿ ಆಗಸ್ಟ್ ತಿಂಗಳಲ್ಲಿ ನೇರಿಳೆಬಣ್ಣದ ಹೂ ತಳೆಯುವ ಹೀದರ್ ಗಿಡ ಇಲ್ಲಿಯ ಮೂಲ ಸಸ್ಯರಾಜಿಯಲ್ಲ. ಇದನ್ನು ನಿಶ್ಚಯವಾಗಿ ಹೇಳಲು ಆಧಾರವೇನು? ವೇಲುವೆಯಲ್ಲಿ ನೂರಾರು ಸಮಾಧಿದಿಬ್ಬಗಳಿವೆ. ಕ್ರಿ. ಪೂ. 2900ರ ಸುಮಾರಿನಿಂದ ಜನರು ಸತ್ತವರನ್ನು ಹೂಳಿ ಮೇಲೆ ಮಣ್ಣಿನ ಗುಪ್ಪೆ ಹಾಕುತ್ತ ಬಂದರು. ಗುಪ್ಪೆ ಹಾಕಿದ ದಿನದ ನೆಲದ ಮೇಲ್ಮೈ ಅದರ ಅಡಿಯಲ್ಲಿ ಮುಚ್ಚಿಟ್ಟಂತೆ ಉಳಿದುಬಂದಿದೆ. ಅದರಲ್ಲಿ ಆ ಕಾಲದ ಗಿಡಮರಗಳ ಪರಾಗವೂ ಉಳಿದಿದೆ. ಈ ಪರಾಗವನ್ನೆಣಿಸಿ ಪ್ರಾಚೀನ ಮಾನವನ ಪರಿಸರವನ್ನು ಪುನಾರಚಿಸುವ ಕ್ರಮವನ್ನು ವಾಟರ್‌ಬೋಲ್ಕ್ ಎಂಬ ಡಚ್ ವಿದ್ವಾಂಸರು 1954ರ ತಮ್ಮ ಮಹಾಪ್ರಬಂಧದಲ್ಲಿ ವಿಸ್ತಾರವಾಗಿ ನಡೆಸಿದರು. ಇಂತಹ ಶೋಧನೆಗಳಿಂದ ತಿಳಿದುಬರುವುದೇನೆಂದರೆ, ಕಾಡು ಕಡಿದು ಬೇಸಾಯ ಮಾಡಿ ದನಕುರಿ ಮೇಯಿಸಿದ ಕಡೆಗಳಲ್ಲಿ ಹೀದರ್ ಮೊದಲು ತುಂಡುತುಂಡಾಗಿ, ಆಮೇಲೆ ಅಗಲವಾಗಿ ಹರಡಿತು. ಸಮಾಧಿದಿಬ್ಬವೆಂದರೆ ಸತ್ತವರ ಮನೆ ಮಾತ್ರವಲ್ಲ. ಅದು ಮೊಹರು ಮಾಡಿದ ಒಂದು ದಸ್ತಾವೇಜು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಮೇಲಿನ ಶತಮಾನಗಳನ್ನು ಬೇಗನೆ ದಾಟಬಹುದು. ಎರ್ಮೆಲೊ ಊರಿನ ಬಯಲಿನಲ್ಲಿ ರೋಮನ್ ಸೈನ್ಯ ಕ್ರಿ. ಶ. 2ನೆಯ ಶತಮಾನದಲ್ಲಿ ತಂಗಿದ್ದ ಬೀಡಿನ ಒಡ್ಡು ಈಗಲೂ ಗುರುತಿಗೆ ಸಿಕ್ಕುತ್ತದೆ. 7ರಿಂದ 10ನೆಯ ಶತಮಾನದವರೆಗೆ ವೇಲುವೆಯಲ್ಲಿ ಕಬ್ಬಿಣದ ಕಾಯಕ ಭರದಿಂದ ನಡೆಯಿತು. ಅದಿರು ನೆಲದಲ್ಲಿಯೇ ದೊರಕಿತು. ಇದ್ದಿಲಿಗಾಗಿ ಕಾಡು ಕರಗಿತು. ಅಂದಿನ ಕೋಟ್ವೈಕ್ ಎಂಬ ಹಳ್ಳಿಯನ್ನು 1970ರ ದಶಕದಲ್ಲಿ ಉತ್ಖನನ ಮಾಡಿದಾಗ, ಅದು ಸುಮಾರು ಕ್ರಿ. ಶ. 1000ದ ಹೊತ್ತಿಗೆ ಬರಿದಾಗಿ ಮರಳಿನ ಕೆಳಗೆ ಸೇರಿತೆಂಬುದು ಕಂಡುಬಂದಿತು.

ಬಯಲಿನ ನಿಜವಾದ ಶಿಲ್ಪಿ ಯಾರೆಂದರೆ ಕುರಿ ಮತ್ತು ಗುದ್ದಲಿ. ಮರಳುನೆಲದಲ್ಲಿ ಸಾರವಿಲ್ಲ, ವರ್ಷವರ್ಷವೂ ರೈ ಧಾನ್ಯ ಬೆಳೆಯಬೇಕಾದರೆ ಗೊಬ್ಬರ ಬೇಕು. ರೈತನು ಬಯಲಿನ ಮೇಲ್ಮಣ್ಣನ್ನು ಹೀದರಿನ ಬೇರುಸಹಿತ ಹೆಂಟೆಹೆಂಟೆಯಾಗಿ ಕೆತ್ತಿ ತಂದು ಕುರಿಯ ಕೊಟ್ಟಿಗೆಯಲ್ಲಿ ಹಾಸುತ್ತಿದ್ದನು. ಹಗಲು ಬಯಲಿನಲ್ಲಿ ಮೇದ ಕುರಿ ಇರುಳು ಅದರ ಮೇಲೆ ಹಿಕ್ಕೆ ಹಾಕುತ್ತಿದ್ದಿತು. ಹಾಸು ಹಣ್ಣಾದ ಮೇಲೆ ಅದು ಹೊಲಕ್ಕೆ ಹೋಗುತ್ತಿದ್ದಿತು. ನಮ್ಮ ಮಲೆನಾಡಿನ ಅಡಕೆ ತೋಟಿಗರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಆದರೆ ಸೊಪ್ಪು ಕೊಯ್ದರೆ ಮರ ಮತ್ತೆ ಚಿಗುರುತ್ತದೆ. ಹೆಂಟೆ ಕೆತ್ತಿದ ನೆಲ ಮತ್ತೆ ಹೀದರ್ ಹೊದೆಯಲು ಹತ್ತು ವರ್ಷಕ್ಕೂ ಮೇಲೆ ಬೇಕು. ಒಂದು ಎಕರೆ ಹೊಲಕ್ಕೆ ಹಲವು ಎಕರೆ ಬಯಲು ಹೀಗೆ ಸೋರಿಹೋಗುತ್ತಿದ್ದಿತು. ಶತಮಾನಗಳ ಕಾಲ ಹಾಕಿದ ಈ ಮಣ್ಣುಗೊಬ್ಬರದಿಂದ ಊರ ಹೊಲಗಳು ಒಂದು ಮೀಟರಿನವರೆಗೂ ಎತ್ತರವಾದದ್ದುಂಟು. ಇಂದಿಗೂ ಊರಂಚಿನಲ್ಲಿ ಉಬ್ಬಿದ ಬೆನ್ನಿನಂತೆ ಅವು ಕಾಣುತ್ತವೆ. ಹೊಲವೇರಿದಷ್ಟೂ ಬಯಲು ಬಡವಾಯಿತು. ಬಯಲು ಊರೊಟ್ಟಿನ ಆಸ್ತಿಯಾಗಿದ್ದು, ಯಾರು ಎಷ್ಟು ಕೆತ್ತಬಹುದೆಂಬ ಕಟ್ಟಳೆಗಳನ್ನು ಸಾಮುದಾಯಿಕ ಸಂಘಗಳು ಮಾಡಿದ್ದವು. ಆದರೂ ಅನೇಕ ಕಡೆ ಮೇಲ್ಮಣ್ಣಿನ ಹೊದಿಕೆ ಹರಿದು, ಹಿಮಯುಗದ ಗಾಳಿ ತಂದಿರಿಸಿದ ಆ ಸಣ್ಣ ಮರಳು ಬಂಧನದಿಂದ ಬಿಡುಗಡೆಯಾಗಿ ಮತ್ತೆ ಹಾರಲಾರಂಭಿಸಿತು. ಕೋಟ್ವೈಕ್ ಬಳಿ ಸುಮಾರು 700 ಹೆಕ್ಟೇರುಗಳ ಮರಳುಬಯಲು ಇನ್ನೂ ಉಳಿದಿದೆ. ಅದನ್ನು ಕಂಡವರು ಚಿಕ್ಕದೊಂದು ಮರುಭೂಮಿಯೆಂದೇ ತಿಳಿದಾರು. ಅದು ಕುರಿ ಮತ್ತು ಗುದ್ದಲಿಗಳ ಕೆಲಸ.

19ನೆಯ ಶತಮಾನದ ಆರಂಭದಲ್ಲಿ ಈ ಸೀಮೆ ಎಷ್ಟು ಬೋಳಾಗಿದ್ದಿತೆಂಬುದಕ್ಕೆ ಉಟ್ರೆಕ್ಟ್ ಗುಡ್ಡಸಾಲಿನಲ್ಲೊಂದು ವಿಚಿತ್ರ ಸಾಕ್ಷಿಯಿದೆ. 1804ರಲ್ಲಿ ಫ್ರೆಂಚ್ ದಳಪತಿ ಮಾರ್ಮೋನನು ತನ್ನ ಸೈನಿಕರ ಕೈಯಿಂದ 27 ದಿನಗಳಲ್ಲಿ ಮರಳು ಮತ್ತು ಹೆಂಟೆಗಳ 36 ಮೀಟರ್ ಎತ್ತರದ ಒಂದು ಪಿರಮಿಡ್ಡನ್ನು ಕಟ್ಟಿಸಿದನು. ಮುಂದೆ ಇದಕ್ಕೆ ಆಸ್ಟರ್ಲಿಟ್ಸ್ ಯುದ್ಧದ ಹೆಸರು ಬಂದಿತು. ದೂರದಿಂದ ಕಾಣಲೆಂದಲ್ಲದೆ ಇಂತಹ ಸ್ಮಾರಕವನ್ನು ಯಾರೂ ಕಟ್ಟರು. ಇಂದು ಅದು ಕಾಡಿನ ಮಧ್ಯೆ ನಿಂತಿದೆ! ಸವಾರರು ಮರಗಳ ನೆರಳಿನಲ್ಲಿ ಅದರ ಆಸುಪಾಸಿನಲ್ಲೇ ಸಾಗುತ್ತಾರೆ. ಹಾಗಾದರೆ ಈ ಕಾಡು 200 ವರ್ಷಗಳಿಂದೀಚಿನದೆಂದಾಯಿತು.

ಕಾಡು ಬಂದ ಬಗೆ ಹೀಗಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯದ ಉಣ್ಣೆ ಅಗ್ಗವಾಗಿ ಬಂದು ಕುರಿಸಾಕಣೆಯ ಲಾಭ ಕುಗ್ಗಿತು. ರಾಸಾಯನಿಕ ಗೊಬ್ಬರ ಬಂದು ಹೆಂಟೆಯ ಅಗತ್ಯ ತಪ್ಪಿತು. 1886ರ ಕಾನೂನು ಊರೊಟ್ಟಿನ ಭೂಮಿಯ ವಿಭಜನೆಯನ್ನು ಸುಗಮಗೊಳಿಸಿತು. ಬಯಲನ್ನು ಸಾಗುವಳಿಗೂ ಕಾಡಿಗೂ ತರುವ ಉದ್ದೇಶದಿಂದ 1888ರಲ್ಲಿ ಒಂದು ಸಂಘವೂ 1899ರಲ್ಲಿ ಸರಕಾರದ ಅರಣ್ಯ ಇಲಾಖೆಯೂ ಹುಟ್ಟಿದವು. ಹಾರುವ ಮರಳನ್ನು ಕಟ್ಟಿಹಾಕಲು ನೆಟ್ಟುದು ಪೈನ್ ಮರ. ಲಿಂಬರ್ಗಿನ ಕಲ್ಲಿದ್ದಲ ಗಣಿಗಳಿಗೆ ಊರೆಗಂಬಗಳಾಗಿ ಅದಕ್ಕೆ ಒಳ್ಳೆಯ ಗಿರಾಕಿಯೂ ಇದ್ದಿತು. ಇಂದು ಸವಾರನು ಕಾಡಿನೊಳಗೆ ಹಾಯುವಾಗ ಮರಗಳು ದಾರ ಹಿಡಿದು ನೆಟ್ಟಂತೆ ಸಾಲುಗೊಂಡಿರುವುದನ್ನು ಅನೇಕ ಕಡೆ ನೋಡಬಹುದು. ಅವು ದಾರ ಹಿಡಿದು ನೆಟ್ಟವೇ. ದೇಶದಲ್ಲಿ ಸುಮಾರು 6,00,000 ಹೆಕ್ಟೇರಿದ್ದ ಕುರುಚಲು ಬಯಲು ಒಂದೂವರೆ ಶತಮಾನದಲ್ಲಿ ಸುಮಾರು 40,000 ಹೆಕ್ಟೇರಿಗೆ ಇಳಿಯಿತು.

ಬಯಲು ಮರೆಯಾಗತೊಡಗಿದಾಗಲೇ ಅದರ ಮೇಲೆ ಮೋಹ ಹುಟ್ಟಿತೆಂಬುದು ಸ್ವಾರಸ್ಯಕರ. ಆಂಟನ್ ಮೌವೆಯಂತಹ ಚಿತ್ರಕಾರರು ಕುರಿಮಂದೆಯನ್ನೂ ಬಯಲನ್ನೂ ಚಿತ್ರಿಸಿ ಪ್ರಸಿದ್ಧರಾದುದು ಇದೇ ಕಾಲದಲ್ಲಿ. 1905ರಲ್ಲಿ ನಿಸರ್ಗ ಸ್ಮಾರಕಗಳ ರಕ್ಷಣೆಗೆಂದು ಸಂಘವೊಂದು ಏರ್ಪಟ್ಟಿತು. ವೇಲುವೆಯ ದಕ್ಷಿಣ ಅಂಚು 1930ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬೈಸಿಕಲ್ಲಿಗೂ ಈ ಬದಲಾವಣೆಗೂ ಹಳೆಯ ನಂಟಿದೆ. 1883ರಲ್ಲಿ ಸ್ಥಾಪಿತವಾದ ಡಚ್ ಬೈಸಿಕಲ್ ಸವಾರರ ಸಂಘವೇ ಜನರನ್ನು ನಗರಗಳಿಂದ ಗುಡ್ಡಗಾಡಿಗೆ ಕರೆತಂದಿತು. ರೇಡನ್ನಿನ ಮೇಲೆ ಪೋಸ್‌ಬಾಂಕ್ ಎಂಬ ಪ್ರಖ್ಯಾತ ನೋಟದ ಸ್ಥಳವಿದೆ. ಹೆಸರಿನ ಅರ್ಥ ‘ಪೋಸನ ಬೆಂಚು’ ಎಂದಷ್ಟೆ. ಪೋಸ್ ಎಂಬಾತನು ಆ ಸಂಘದ ಅಧ್ಯಕ್ಷನಾಗಿದ್ದವನು. ಗುಡ್ಡಕ್ಕೇ ಬೈಸಿಕಲ್ಲಿನವನ ಹೆಸರು ಬಂದಿರಲು, ಅಲ್ಲಿ ಬೈಸಿಕಲ್ಲು ನಿನ್ನೆ ಮೊನ್ನೆ ನುಗ್ಗಿದ ಅತಿಥಿಯೆನ್ನುವುದು ತರವಲ್ಲ.

ಆದರೆ ಹಳೆಯ ಬೈಸಿಕಲ್ಲು ರಸ್ತೆಯನ್ನು ಬಿಡುತ್ತಿರಲಿಲ್ಲ. ರಸ್ತೆ ಬಿಟ್ಟು ಇಳಿಜಾರುಗಳಲ್ಲಿ ಓಡುವ ದಪ್ಪ ಚಕ್ರದ ಯಂತ್ರ ರೂಪುಗೊಂಡುದು ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದಲ್ಲಿ, 1970ರ ದಶಕದಲ್ಲಿ. ಕೆಲವು ತರುಣರು ಹಳೆಯ ಭಾರದ ಬೈಸಿಕಲ್ಲುಗಳನ್ನು ತಿದ್ದಿಕೊಂಡು 1976ರಿಂದ ಅಲ್ಲಿ ಇಳಿಜಾರಿನ ಪಂದ್ಯಗಳನ್ನು ನಡೆಸಿದರು; 1990ರಲ್ಲಿ ಇದಕ್ಕೆ ಅಧಿಕೃತ ಜಾಗತಿಕ ಸ್ಪರ್ಧೆಯ ಮಾನ್ಯತೆ ಬಂದಿತು. ವೇಲುವೆಯಲ್ಲಿಯೂ ಉಟ್ರೆಕ್ಟ್ ಸಾಲಿನಲ್ಲಿಯೂ ಈಗ ಇದಕ್ಕಾಗಿಯೇ ಗುರುತುಕಂಬ ನೆಟ್ಟ ಇಕ್ಕಟ್ಟಾದ ಹಾದಿಗಳಿವೆ. ಸ್ವಯಂಸೇವಕರು ಅವುಗಳನ್ನು ದುರಸ್ತಿಯಲ್ಲಿಡುತ್ತಾರೆ.

ಇಲ್ಲಿ ವಾದ ಹುಟ್ಟುತ್ತದೆ. ಚಕ್ರದಿಂದ ನೆಲ ಸವೆಯುತ್ತದೆ, ನೆಲದ ಮೇಲೆ ಗೂಡಿಡುವ ನತ್ತಿಂಗ ಹಕ್ಕಿಯೂ ಮರಳಿನ ಹಲ್ಲಿಯೂ ಬೆದರುತ್ತವೆ, ಆದುದರಿಂದ ಸವಾರರು ಪ್ರಕೃತಿಗೆ ಶತ್ರುಗಳು ಎಂಬುದು ಒಂದು ಪಕ್ಷ. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಅಳೆದು ನೋಡಬೇಕು. ಕೆನಡಾದ ಆಂಟೇರಿಯೊ ಪ್ರಾಂತದ ಕಾಡೊಂದರಲ್ಲಿ ಥರ್ಸ್ಟನ್ ಮತ್ತು ರೀಡರ್ ಎಂಬ ವಿಜ್ಞಾನಿಗಳು ಕಾಲ್ನಡಿಗೆಯ ಪರಿಣಾಮವನ್ನೂ ಬೈಸಿಕಲ್ಲಿನ ಪರಿಣಾಮವನ್ನೂ ಒಂದೇ ಬಗೆಯಲ್ಲಿ ಪರೀಕ್ಷಿಸಿ, ಸಸ್ಯ ಮತ್ತು ಮಣ್ಣಿನ ಮಟ್ಟಿಗೆ ಗಣ್ಯವಾದ ಅಂತರವಿಲ್ಲವೆಂದು 2001ರಲ್ಲಿ ಪ್ರಕಟಿಸಿದರು. ಇನ್ನು ಬಯಲಿನ ಹೀದರಿಗೆ ಇಂದು ಬಂದೊದಗಿರುವ ದೊಡ್ಡ ಕೇಡು ಚಕ್ರದ್ದಲ್ಲ, ಗಾಳಿಯದು. ದನ, ಹಂದಿ, ಕೋಳಿಗಳ ದಟ್ಟ ಸಾಕಣೆಯಿಂದಲೂ ವಾಹನಗಳಿಂದಲೂ ಏಳುವ ಸಾರಜನಕ ಬಯಲಿನ ಮೇಲೆ ಬಿದ್ದು ಮಣ್ಣು ಸಾರವಾಗಿ ಹುಲ್ಲು ಹೀದರನ್ನು ಹಿಂದೆ ಹಾಕುತ್ತದೆ. 2019ರ ಮೇ ತಿಂಗಳಲ್ಲಿ ಆ ದೇಶದ ಅತ್ಯುಚ್ಚ ಆಡಳಿತ ನ್ಯಾಯಪೀಠ ಸರಕಾರದ ಸಾರಜನಕ ಯೋಜನೆಯನ್ನು ತಳ್ಳಿಹಾಕಿದುದು ಈ ಕಾರಣದಿಂದಲೇ. ಅಲ್ಲದೆ, ಹೀದರನ್ನು ಉಳಿಸಲು ಈಗ ಮಾಡುತ್ತಿರುವುದಾದರೂ ಏನು? ಕುರಿಮಂದೆಗಳನ್ನು ಸಂಬಳ ಕೊಟ್ಟು ಮೇಯಿಸುತ್ತಾರೆ. ಯಂತ್ರಗಳಿಂದ ಹೆಂಟೆ ಕೆತ್ತಿಸುತ್ತಾರೆ. ತಾವಾಗಿ ಮೊಳೆತ ಪೈನ್ ಸಸಿಗಳನ್ನು ಕೀಳುತ್ತಾರೆ. ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟರೆ ಬಯಲು ಕಾಡಾಗುತ್ತದೆ. ಹೀಗಿರಲು ‘ಪ್ರಕೃತಿ’ ಎಂಬ ಒಂದೇ ಮಾತಿನಿಂದ ಸವಾರರನ್ನು ಹೊರಗಿಡುವುದು ತರ್ಕಕ್ಕೆ ನಿಲ್ಲದು.

ಹಾಗೆಂದು ಸವಾರನಿಗೆ ಎಲ್ಲೆಡೆಯೂ ಹಾದಿ ತೆರೆದಿರಬೇಕೆಂದು ನಮ್ಮ ಅಭಿಪ್ರಾಯವಲ್ಲ. ನಿಜವಾದ ಆಕ್ಷೇಪ ಚರಿತ್ರೆಯಿಂದ ಬರುತ್ತದೆ. ತುಳಿದ ಹೀದರ್ ಹತ್ತಿಪ್ಪತ್ತು ವರ್ಷಗಳಲ್ಲಿ ಮತ್ತೆ ಬೆಳೆದೀತು. ಆದರೆ ಸಮಾಧಿದಿಬ್ಬ ಮತ್ತೆ ಬೆಳೆಯದು. ಒಂದೆರಡು ಮೀಟರ್ ಎತ್ತರದ, ದುಂಡಗಿನ, ಹುಲ್ಲು ಹೊದೆದ ಈ ಗುಪ್ಪೆಗಳು ಸವಾರನ ಕಣ್ಣಿಗೆ ಏರಿ ಹಾರಲೆಂದೇ ಮಾಡಿಟ್ಟಂತೆ ತೋರುತ್ತವೆ. ಚಕ್ರ ಅದೇ ಗೆರೆಯಲ್ಲಿ ಮತ್ತೆ ಮತ್ತೆ ಹಾದರೆ ಹುಲ್ಲಿನ ಹೊದಿಕೆ ಹರಿಯುತ್ತದೆ. ಮಳೆನೀರು ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಮರಳಿನ ಒಡಲು ಜಾರುತ್ತದೆ. ಹೂಳಿದವರ ಗುರುತೂ ಅಡಿಯಲ್ಲಿ ಮೊಹರಾಗಿದ್ದ ಪರಾಗದ ಸಾಕ್ಷ್ಯವೂ ಕಲಸಿಹೋದ ಮೇಲೆ ಯಾವ ಸಂಘವೂ ಯಾವ ಇಲಾಖೆಯೂ ಅದನ್ನು ಮರಳಿ ಕೊಡಲಾರದು. ಈ ಬಯಲು ಮನುಷ್ಯಕೃತವೆಂದು ನಮಗೆ ತಿಳಿದುದೇ ಆ ಸಾಕ್ಷ್ಯದಿಂದಲ್ಲವೆ?

ಎಲ್ಲಿ ದಿಬ್ಬಗಳಿವೆಯೆಂದು ತಿಳಿಯದೆ ಹಾದಿ ಹಾಕಿದೆವೆಂಬ ಸಬೂಬು ಈಗ ನಿಲ್ಲುವುದಿಲ್ಲ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರುತಗ್ಗುಗಳನ್ನು ಅಳೆದ ನಕ್ಷೆ ನೆದರ್ಲೆಂಡ್ಸಿನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಮರಗಳನ್ನು ತೆಗೆದುಹಾಕಿ ಬರಿಯ ನೆಲವನ್ನು ನೋಡಬಹುದು. 2019ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದವರು ಪ್ರಾಂತೀಯ ಪರಂಪರಾ ಸಂಸ್ಥೆಯೊಡನೆ ಕೂಡಿ ಈ ನಕ್ಷೆಯನ್ನು ಸಾವಿರಾರು ಸಾಮಾನ್ಯ ನಾಗರಿಕರ ಮುಂದಿಟ್ಟು ಪರಿಶೀಲಿಸಿದರು. ವೇಲುವೆಯಲ್ಲಿಯೂ ಉಟ್ರೆಕ್ಟ್ ಸಾಲಿನಲ್ಲಿಯೂ ಅದುವರೆಗೆ ದಾಖಲೆಯಾಗದಿದ್ದ ಅನೇಕ ಸಮಾಧಿದಿಬ್ಬಗಳೂ ಇದ್ದಿಲುಗೂಡುಗಳೂ ಕಬ್ಬಿಣಯುಗದ ಹೊಲಗಳ ಬದುಗಳೂ ಹೊರಬಿದ್ದವು. ಇವುಗಳಲ್ಲಿ ಬಹುಪಾಲು ಇರುವುದು ಹೊಸದಾಗಿ ನೆಟ್ಟ ಕಾಡಿನ ನೆರಳಿನಲ್ಲಿ, ಅಂದರೆ ಸವಾರರು ಬಯಸುವ ಎಡೆಯಲ್ಲಿಯೇ. ಹೊಸ ಹಾದಿಯ ಗುರುತುಕಂಬ ನೆಡುವ ಮುನ್ನ ಈ ನಕ್ಷೆಯನ್ನು ಹರಡಿಕೊಂಡು ಕುಳಿತುಕೊಳ್ಳುವುದು ಒಂದು ಸಂಜೆಯ ಕೆಲಸ. ದಿಬ್ಬವೊಂದನ್ನು ಬಳಸಿ ಹೋಗಲು ಸವಾರನಿಗೆ ಬೀಳುವ ಹೆಚ್ಚಿನ ದಾರಿ ಮೂವತ್ತು ನಲವತ್ತು ಹೆಜ್ಜೆ.

ಅದೇ ನಕ್ಷೆಯಲ್ಲಿ ಇನ್ನೊಂದು ವಿಷಯ ಎದ್ದು ಕಾಣುತ್ತದೆ. ಬಯಲಿನ ಉದ್ದಕ್ಕೂ ಹತ್ತಾರು ಗೆರೆಗಳು ಬಿಡಿಸಿದ ಹುರಿಯ ಎಳೆಗಳಂತೆ ಅಕ್ಕಪಕ್ಕದಲ್ಲಿ ಸಾಗಿ, ಇಳಿಜಾರಿನಲ್ಲಿ ಅಗಲವಾಗಿ, ತಗ್ಗಿನಲ್ಲಿ ಮತ್ತೆ ಒಂದುಗೂಡುತ್ತವೆ. ಇವು ಹಿಂದಿನ ಶತಮಾನಗಳ ಗಾಡಿಜಾಡುಗಳು. ಒಂದು ಜಾಡು ಕೊರೆದು ಆಳವಾದಾಗ ಗಾಡಿಯವನು ಪಕ್ಕದಲ್ಲಿ ಇನ್ನೊಂದನ್ನು ಹಿಡಿದನು. ಅಂದಿನವರ ಕಣ್ಣಿಗೆ ಅದು ನೆಲದ ಸವೆತವೇ ಆಗಿದ್ದಿರಬೇಕು. ಇಂದಿನ ಪುರಾತತ್ತ್ವಜ್ಞರು ಅದನ್ನು ಅಳೆದು, ಹೆಸರಿಟ್ಟು, ಪರಂಪರೆಯ ಪಟ್ಟಿಗೆ ಸೇರಿಸುತ್ತಾರೆ. ಕೆಲವೆಡೆ ಬೈಸಿಕಲ್ಲಿನ ಹಾದಿಯೂ ಆ ಹಳೆಯ ಜಾಡುಗಳನ್ನೇ ಅಡ್ಡಹಾಯುತ್ತದೆ.